ಸೋತವನಿಗೂ ಮುಂದಿನ ಸುತ್ತು

ಕಳೆದ ತಿಂಗಳು ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ನಮ್ಮ ಮನೆಗೆ ದಯಮಾಡಿಸಿದ್ದರು. ಕಾಫಿಯಾದ ಮೇಲೆ ಅವರು ತಮ್ಮ ಹನ್ನೆರಡು ವರುಷದ ಮಗನ ವಿಷಯವನ್ನು ಎತ್ತಿದರು. ಅಮೆರಿಕದಲ್ಲಿರುವ ಸೋದರಮಾವನು ಊರಿಗೆ ಬಂದಾಗ ಹುಡುಗನಿಗೆ ಬಣ್ಣದ ಚಿತ್ರಗಳುಳ್ಳ ಆಟದ ಎಲೆಗಳ ಕೆಲವು ಪೊಟ್ಟಣಗಳನ್ನು ತಂದುಕೊಟ್ಟಿದ್ದನಂತೆ. ಅಂದಿನಿಂದ ಹುಡುಗನಿಗೆ ಅದರದೇ ಧ್ಯಾನ. ಈಗ ಪೇಟೆಯ ಅಂಗಡಿಯೊಂದರಲ್ಲಿ ಭಾನುವಾರ ಆ ಎಲೆಗಳ ಪಂದ್ಯಾಟವಿದೆಯೆಂದೂ ತಾನು ಹೋಗಲೇಬೇಕೆಂದೂ ಹಟ ಹಿಡಿದು ಕುಳಿತಿದ್ದನು. “ಸ್ವಾಮಿ, ನಮ್ಮ ತಂದೆಯವರು ಮನೆಯೊಳಕ್ಕೆ ಇಸ್ಪೀಟನ್ನು ಸೇರಿಸಿದವರಲ್ಲ. ಇದೂ ಇಸ್ಪೀಟೇ ಅಲ್ಲವೆ? ಹುಡುಗನು ಅಂಗಡಿಯಲ್ಲಿ ಕುಳಿತು ಎಲೆಯಾಡಿದರೆ ನಾಲ್ಕು ಜನ ಏನೆಂದಾರು?” ಎಂದು ಅವರು ಕೇಳಿದರು.

ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡಲು ನಮಗೆ ಮನಸ್ಸಾಗಲಿಲ್ಲ. ಪಗಡೆಯ ಹಲಗೆಯ ಮುಂದೆ ಧರ್ಮರಾಜನು ಏನೇನನ್ನು ಕಳೆದುಕೊಂಡನೆಂಬುದನ್ನು ಕೇಳುತ್ತ ಬೆಳೆದವರು ನಾವು. ಆದರೆ ಎಲೆಯಾಟವೆಲ್ಲವೂ ಜೂಜಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಮನೆಯಲ್ಲಿ ಗಂಜೀಫೆಯ ಆಟಗಳನ್ನು ಬಗೆಬಗೆಯಾಗಿ ಬೆಳೆಯಿಸಿದರು; ಅವರ ಹೆಸರಿನಿಂದ ಪ್ರಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ ಆ ಆಟಗಳಿಗೂ ಸ್ಥಳವು ದೊರೆತಿದೆ. ಆದುದರಿಂದ ಕೈಯಲ್ಲಿ ಎಲೆಯಿದೆಯೆ ಎಂದು ಕೇಳುವುದಕ್ಕಿಂತ, ಪಣವೇನು, ನಿಯಮವೇನು, ಸೋತವನ ಗತಿಯೇನು ಎಂದು ಕೇಳುವುದು ಯುಕ್ತವೆಂದು ನಮಗೆ ತೋರಿತು. ಹುಡುಗನ ಈ ಹೊಸ ಆಟವನ್ನು ಇದೇ ಮೂರು ಪ್ರಶ್ನೆಗಳಿಂದ ಪರೀಕ್ಷಿಸಿ ನೋಡೋಣ.

ಈ ಜಾತಿಯ ಆಟಗಳಿಗೆ ಮೂಲವಾದುದು 1993ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೆರಿಕದಲ್ಲಿ ಹೊರಬಿದ್ದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟ. ಇದನ್ನು ಕಲ್ಪಿಸಿದವರು ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞರು. ಪ್ರಕಟಿಸಿದವರು ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪೆನಿಯವರು. ಇಸ್ಪೀಟಿನಲ್ಲಿ ಐವತ್ತೆರಡು ಎಲೆಗಳ ಒಂದೇ ಕಟ್ಟನ್ನು ಎಲ್ಲರಿಗೂ ಹಂಚುವರು. ಇಲ್ಲಿ ಹಾಗಲ್ಲ. ಪ್ರತಿಯೊಬ್ಬ ಆಟಗಾರನೂ ತಾನು ಕೂಡಿಸಿದ ಎಲೆಗಳಿಂದ ತನ್ನದೇ ಕಟ್ಟನ್ನು ಕಟ್ಟಿಕೊಂಡು ಬರುವನು. ಎಲೆಯೆಲೆಗೂ ಬೇರೆ ಚಿತ್ರ, ಬೇರೆ ಶಕ್ತಿ, ಬೇರೆ ನಿಯಮ. ಎಲೆಗಳು ಮುಚ್ಚಿದ ಪೊಟ್ಟಣದಲ್ಲಿ ಮಾರಾಟಕ್ಕೆ ಬರುವುದರಿಂದ ಒಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದು. ಮೊದಲ ಕಾಲದ ಹದಿನೈದು ಎಲೆಗಳ ಪೊಟ್ಟಣದಲ್ಲಿ ಸಾಮಾನ್ಯವಾದವು ಹನ್ನೊಂದು, ಕೊಂಚ ವಿರಳವಾದವು ಮೂರು, ಅಪರೂಪದ್ದು ಒಂದೇ ಒಂದು ಇರುತ್ತಿದ್ದವು.

ಪಣದ ಮಾತನ್ನು ಮೊದಲು ನೋಡೋಣ. ನಮ್ಮ ಸ್ನೇಹಿತರ ಶಂಕೆಯು ಆಧಾರವಿಲ್ಲದುದೇನೂ ಅಲ್ಲ. ಆಟದ ಮೊದಲ ನಿಯಮಗಳಲ್ಲಿಯೇ ಪಣವೆಂಬುದೊಂದಿತ್ತು. ಇಬ್ಬರೂ ತಮ್ಮ ತಮ್ಮ ಕಟ್ಟಿನಿಂದ ಒಂದೊಂದು ಎಲೆಯನ್ನು ತೆಗೆದು ಪಕ್ಕದಲ್ಲಿಡುವರು. ಗೆದ್ದವನು ಎರಡನ್ನೂ ಮನೆಗೆ ಒಯ್ಯುವನು. ಹುಡುಗನೊಬ್ಬನು ತಿಂಗಳುಗಟ್ಟಲೆ ಕಾದು ಪಡೆದ ಎಲೆಯು ಒಂದು ಗಳಿಗೆಯಲ್ಲಿ ಇನ್ನೊಬ್ಬನ ಪಾಲಾಗುವುದೆಂದರೆ ಅದು ಗೋಲಿಯಾಟದ ಜಗಳವೇ ಸರಿ. ಈ ಪದ್ಧತಿಯು ಬಹುಕಾಲ ನಿಲ್ಲಲಿಲ್ಲ. ಕ್ರಮವಾದ ಪಂದ್ಯಾಟಗಳಲ್ಲಿ ಪಣವನ್ನು ಕೈಬಿಟ್ಟರು. ಪಣದ ಪ್ರಸ್ತಾಪವುಳ್ಳ ಎಲೆಗಳನ್ನೂ ನಿಷೇಧಿಸಿದರು. ಈಗ ಪಂದ್ಯಾಟಕ್ಕೆ ಹೋದ ಹುಡುಗನು ಸೋತರೂ ತಾನು ಒಯ್ದ ಎಲೆಗಳಷ್ಟನ್ನೂ ಹಿಂದಕ್ಕೆ ತರುವನು. ಪೋಕೆಮಾನ್ ಎಂಬ ಆಟದಲ್ಲಿ ‘ಪ್ರೈಜ್’ ಎಂದು ಆರು ಎಲೆಗಳನ್ನು ಬೇರೆಯಾಗಿ ಇಡುವುದನ್ನು ಕಂಡು ತಾಯಂದಿರು ಗಾಬರಿಯಾಗಬೇಕಾದುದಿಲ್ಲ. ಅವು ಆಟಗಾರನ ಸ್ವಂತ ಎಲೆಗಳೇ, ಎದುರಾಳಿಯ ಕೈಸೇರುವುದಿಲ್ಲ.

ಎರಡನೆಯದು ನಿಯಮ. ಹೆಚ್ಚು ಹಣವುಳ್ಳವನು ಹೆಚ್ಚು ಪೊಟ್ಟಣಗಳನ್ನು ಕೊಂಡು, ಬಲವಾದ ಎಲೆಗಳನ್ನೇ ರಾಶಿ ಹಾಕಿಕೊಂಡು ಬಂದರೆ ಬಡವನ ಮಗನು ಎದುರಿಗೆ ಕುಳಿತು ಮಾಡುವುದೇನು? ಈ ತೊಡಕು ಮೊದಲ ವರುಷದಲ್ಲಿಯೇ ಕಾಣಿಸಿಕೊಂಡಿತು. ಅದಕ್ಕಾಗಿ ಕಟ್ಟಿನಲ್ಲಿ 60ಕ್ಕೆ ಕಡಮೆಯಿಲ್ಲದಷ್ಟು ಎಲೆಗಳಿರಬೇಕು, ಮೂಲದ್ರವ್ಯದಂತಿರುವ ‘ಭೂಮಿ’ಯ ಸಾಮಾನ್ಯ ಎಲೆಗಳ ಹೊರತು ಒಂದೇ ಹೆಸರಿನವು ನಾಲ್ಕಕ್ಕೆ ಮೀರಬಾರದು ಎಂದು ಗೊತ್ತುಮಾಡಿದರು. 1994ರಲ್ಲಿ ಅತಿ ಬಲವಾದ ಕೆಲವು ಎಲೆಗಳ ಪಟ್ಟಿಯನ್ನು ಮಾಡಿ, ಅವುಗಳಲ್ಲಿ ಒಂದೊಂದನ್ನು ಮಾತ್ರವೇ ಇಟ್ಟುಕೊಳ್ಳಬಹುದೆಂದು ಕಟ್ಟಳೆಯಾಯಿತು. 1995ರ ಜನವರಿಯಲ್ಲಿ ಇನ್ನೊಂದು ದೊಡ್ಡ ಸುಧಾರಣೆಯಾಯಿತು. ಹಳೆಯ ಎಲೆಗಳು ಅಂಗಡಿಯಲ್ಲಿ ದೊರೆಯದೆ ಹೊಸಬರು ಪೇಚಾಡುತ್ತಿದ್ದುದರಿಂದ, ಈಚಿನ ಮುದ್ರಣಗಳನ್ನು ಮಾತ್ರ ಬಳಸಬಹುದಾದ ಬೇರೊಂದು ತರಗತಿಯನ್ನೇ ಏರ್ಪಡಿಸಿದರು. ಅಂತು ತಡವಾಗಿ ಬಂದವನಿಗೂ ಪಂಕ್ತಿಯಲ್ಲಿ ಎಲೆ ಹಾಕಿದಂತಾಯಿತು.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ಒಪ್ಪಿದ ಮತ್ತೊಂದು ಬಗೆಯುಂಟು. ಅದರಲ್ಲಿ ಯಾರೂ ಮನೆಯಿಂದ ಕಟ್ಟನ್ನು ತರುವಂತಿಲ್ಲ. ಎಂಟು ಮಂದಿ ದುಂಡಗೆ ಕೂಡುವರು; ಒಬ್ಬೊಬ್ಬರಿಗೂ ಮುಚ್ಚಿದ ಮೂರು ಪೊಟ್ಟಣ. ಮೊದಲನೆಯದನ್ನು ಬಿಚ್ಚಿ, ತನಗೆ ಬೇಕಾದ ಒಂದೆಲೆಯನ್ನು ಇರಿಸಿಕೊಂಡು, ಉಳಿದುವನ್ನು ಎಡಗಡೆಯವನಿಗೆ ದಾಟಿಸಬೇಕು. ಹೀಗೆ ಎಲೆಗಳು ಮುಗಿಯುವವರೆಗೆ ಸುತ್ತುವುದು. ಎರಡನೆಯ ಪೊಟ್ಟಣವು ಬಲಗಡೆಗೆ, ಮೂರನೆಯದು ಮರಳಿ ಎಡಗಡೆಗೆ. ಬಳಿಕ ಕೈಗೆ ಬಂದುದರಲ್ಲಿಯೇ ನಲವತ್ತು ಎಲೆಗಳ ಕಟ್ಟನ್ನು ಕಟ್ಟಿ ಆಡಬೇಕು. ಇಲ್ಲಿ ಸಾಹುಕಾರನ ಮಗನಿಗೂ ಗುಮಾಸ್ತನ ಮಗನಿಗೂ ಬಂಡವಾಳವು ಒಂದೇ. ಇದ್ದುದರಲ್ಲಿಯೇ ಹಬ್ಬದಡಿಗೆಯನ್ನು ಮಾಡುವ ಗೃಹಿಣಿಯ ಜಾಣತನವೇ ಇಲ್ಲಿ ಗೆಲ್ಲತಕ್ಕದ್ದು.

ಮೂರನೆಯದು ಸೋತವನ ಗತಿ. ಪಂದ್ಯಾಟಗಳು ಬೆಳೆದುದರ ಗುಟ್ಟು ಇದರಲ್ಲಿಯೇ ಇರುವುದೆಂದು ನಮ್ಮ ಅಭಿಪ್ರಾಯ. ಸೋತವನನ್ನು ಒಡನೆ ಹೊರಗೆ ಕಳುಹಿಸುವ ಪದ್ಧತಿಯಲ್ಲಿ ಹದಿನಾರು ಹುಡುಗರು ಬಂದರೆ ಮೊದಲ ಸುತ್ತಿಗೇ ಎಂಟು ಮಂದಿ ಮೋರೆ ಸಣ್ಣದು ಮಾಡಿಕೊಂಡು ಹೊರಡುವರು. ದೂರದಿಂದ ಬಂದು, ಒಂದೇ ಆಟವಾಡಿ, ಹಿಂದಿರುಗಿದ ಮಗುವು ಮರುವಾರ ಬಂದೀತೆ? ಇದಕ್ಕೆ ಪರಿಹಾರವಾಗಿ ಚದುರಂಗದವರ ಹಳೆಯ ಉಪಾಯವೊಂದನ್ನು ಈ ಆಟದವರು ಎರವಲು ಪಡೆದರು. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಚದುರಂಗ ಪಂದ್ಯಾಟದಲ್ಲಿ ಬಳಕೆಗೆ ಬಂದುದರಿಂದ ಅದಕ್ಕೆ ಸ್ವಿಸ್ ಪದ್ಧತಿಯೆಂದು ಹೆಸರು. ಇದರಲ್ಲಿ ಸುತ್ತು ಸುತ್ತಿಗೂ ಗೆದ್ದವನಿಗೆ ಗೆದ್ದವನನ್ನೂ ಸೋತವನಿಗೆ ಸೋತವನನ್ನೂ ಜೋಡಿ ಮಾಡುವರು. ಒಮ್ಮೆ ಎದುರಾದವರನ್ನು ಮತ್ತೆ ಎದುರಾಗಗೊಡುವುದಿಲ್ಲ. ಗೆಲುವಿಗೆ ಮೂರು ಅಂಕ, ಸಮವಾದರೆ ಒಂದು. ಸಂಖ್ಯೆಯು ಬೆಸವಾಗಿ ಒಬ್ಬನು ಉಳಿದರೆ ಆ ಸುತ್ತನ್ನು ಅವನು ಗೆದ್ದಂತೆಯೇ ಎಣಿಸುವರು.

ಇದರ ಲೆಕ್ಕವನ್ನು ವಾಚಕರು ಕಾಗದದ ಮೇಲೆ ಮಾಡಿ ನೋಡಬಹುದು. ಹದಿನಾರು ಮಂದಿ ನಾಲ್ಕು ಸುತ್ತು ಆಡಿದರೆ, ಯಾವ ಪಂದ್ಯವೂ ಸಮವಾಗದಿದ್ದಲ್ಲಿ, ನಾಲ್ಕನ್ನೂ ಗೆಲ್ಲುವವನು ಒಬ್ಬನು. ಮೂರು ಗೆಲ್ಲುವವರು ನಾಲ್ವರು. ಎರಡು ಗೆಲ್ಲುವವರು ಆರು ಮಂದಿ. ಒಂದನ್ನು ಗೆಲ್ಲುವವರು ನಾಲ್ವರು. ಏನನ್ನೂ ಗೆಲ್ಲದವನು ಒಬ್ಬನೇ. ಹದಿನೈದು ಮಂದಿ ಒಂದಲ್ಲ ಒಂದು ಗೆಲುವನ್ನು ಹೇಳಿಕೊಳ್ಳುತ್ತ ಮನೆಗೆ ಹೋಗುವರು. ಎಲ್ಲರೂ ಕಡೆಯವರೆಗೆ ಕುಳಿತಿರುವರು. ತಮ್ಮ ಯೋಗ್ಯತೆಗೆ ಸಮನಾದವರೊಡನೆ ಆಡುವರು. ಬಂದವರ ಸಂಖ್ಯೆ ಇಮ್ಮಡಿಯಾದರೆ ಹೆಚ್ಚಬೇಕಾದುದು ಒಂದೇ ಸುತ್ತು. ಅದಕಾರಣ ಎಂಟು ಹುಡುಗರ ಮೇಜಿಗೂ ನೂರಾರು ಜನರ ಸಭಾಂಗಣಕ್ಕೂ ಈ ಪದ್ಧತಿಯು ಒಪ್ಪುವುದು.

ಬೆಳವಣಿಗೆಯ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಮ್ಯಾಜಿಕ್ ಆಟದ ಮೊದಲ ವಿಶ್ವಪಂದ್ಯಾಟವು 1994ರ ಆಗಸ್ಟಿನಲ್ಲಿ ಅಮೆರಿಕದ ಮಿಲ್‌ವಾಕಿ ನಗರದಲ್ಲಿ ನಡೆಯಿತು. ಜಾಕ್ ಡೋಲನ್ ಎಂಬವರು ಗೆದ್ದರು. 1996ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ನಗದು ಬಹುಮಾನಗಳ ‘ಪ್ರೊ ಟೂರ್’ ಆರಂಭವಾಯಿತು. ಅದೇ ವರುಷ ಜಪಾನಿನಲ್ಲಿ ಪೋಕೆಮಾನ್ ಎಲೆಗಳೂ, 1999ರಲ್ಲಿ ಅಲ್ಲಿಯೇ ಯು-ಗಿ-ಓ ಎಲೆಗಳೂ ಹೊರಬಂದುವು. 2004ರಲ್ಲಿ ಫ್ಲಾರಿಡಾದ ಆರ್ಲಾಂಡೋ ನಗರದಲ್ಲಿ ಪೋಕೆಮಾನ್ ವಿಶ್ವಪಂದ್ಯಾಟವು ಮೊದಲಾಯಿತು. ಅದರಲ್ಲಿ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ತರಗತಿಗಳುಂಟು. ಎಂಟು ವರುಷದ ಮಗುವು ಮೂವತ್ತು ವರುಷದವರೊಡನೆ ಹೋರಾಡಬೇಕಾಗಿಲ್ಲ. 2023ರಲ್ಲಿ ಅದು ಮೊದಲ ಬಾರಿಗೆ ಆಟದ ತವರಾದ ಜಪಾನಿಗೆ, ಯೊಕೊಹಾಮಾ ನಗರಕ್ಕೆ, ಹೋಯಿತು.

ಆದರೆ ದೊಡ್ಡ ಗೋಪುರವನ್ನು ನೋಡಿ ತಳಪಾಯವನ್ನು ಮರೆಯಬಾರದು. ಶುಕ್ರವಾರದ ಸಂಜೆ ಅಂಗಡಿಯ ಹಿಂಭಾಗದ ಮೇಜುಗಳಲ್ಲಿ ಹತ್ತು ಹನ್ನೆರಡು ಮಂದಿ ಕೂಡಿ ಆಡುವುದೇ ಈ ಆಟಕ್ಕೆ ತಳಪಾಯ. 2020ರಲ್ಲಿ ಕೊರೋನಾ ಜಾಡ್ಯವು ಹಬ್ಬಿದಾಗ ಆ ಮೇಜುಗಳು ಬರಿದಾದುವು. ಗಣಕಯಂತ್ರದ ತೆರೆಯ ಮೇಲೆ ಆಟವು ನಡೆಯಿತೇನೋ ನಿಜ. ಆದರೆ ಎದುರಿಗೆ ಕುಳಿತವನ ಕೈಕುಲುಕಿ ಏಳುವ ಪಾಠವನ್ನು ತೆರೆಯು ಕಲಿಸಲಾರದು.

ಇಷ್ಟು ಹೇಳಿದ ಮೇಲೆ ಕೇಡಿನ ಅಂಶವನ್ನು ಮುಚ್ಚಿಟ್ಟರೆ ನಾವು ವಾಚಕರಿಗೆ ದ್ರೋಹ ಮಾಡಿದಂತಾದೀತು. ಪಣವು ಪಂದ್ಯಾಟದ ಮೇಜಿನಿಂದ ಹೋಯಿತು. ಆದರೆ ಪೊಟ್ಟಣದೊಳಗಿನ ಅದೃಷ್ಟದಾಸೆಯು ಹೋಗಲಿಲ್ಲ. ಈ ಪೊಟ್ಟಣದಲ್ಲಿ ಇಲ್ಲದಿದ್ದರೆ ಮುಂದಿನದರಲ್ಲಿ ಇದ್ದೀತೆಂಬ ಚಪಲವು ಜೂಜಿನ ಚಪಲಕ್ಕೆ ದೂರದ ನಂಟೇನೂ ಅಲ್ಲ. ಅಪರೂಪದ ಎಲೆಗಳನ್ನು ದೊಡ್ಡ ಬೆಲೆಗೆ ಮಾರಿಕೊಳ್ಳುವ ವ್ಯಾಪಾರವೂ ಉಂಟು. 1999ರಲ್ಲಿ ಅಮೆರಿಕದ ಅನೇಕ ಶಾಲೆಗಳು ಜಗಳ ಮತ್ತು ಕಳವುಗಳಿಗೆ ಬೇಸತ್ತು ಪೋಕೆಮಾನ್ ಎಲೆಗಳನ್ನು ಆವರಣದೊಳಗೆ ತರಕೂಡದೆಂದು ಆಜ್ಞೆ ಮಾಡಿದುವು. ಕಂಪೆನಿಯವರು ಪಂದ್ಯಾಟಗಳಿಗೆ ಪ್ರೋತ್ಸಾಹ ಕೊಡುವುದರಲ್ಲಿ ಪೊಟ್ಟಣಗಳು ಮಾರಾಟವಾಗಲೆಂಬ ಉದ್ದೇಶವೂ ಇಲ್ಲದಿಲ್ಲ. ಇದನ್ನು ತಿಳಿದೇ ಗೃಹಸ್ಥರು ನಡೆಯತಕ್ಕದ್ದು.

ನಮ್ಮ ಸಲಹೆಗಳು ಇವು. ತಿಂಗಳಿಗೆ ಇಷ್ಟು ಎಂದು ಹಣವನ್ನು ಮೊದಲೇ ಗೊತ್ತುಮಾಡಿ, ಆ ಲೆಕ್ಕವನ್ನು ಮಗುವಿನ ಕೈಯಿಂದಲೇ ಬರೆಯಿಸಿರಿ. ಕುರುಡಾಗಿ ಪೊಟ್ಟಣಗಳನ್ನು ಬಿಚ್ಚುವುದಕ್ಕಿಂತ, ಬೇಕಾದ ಸಾಮಾನ್ಯ ಎಲೆಯನ್ನು ಬಿಡಿಯಾಗಿ ಕೊಳ್ಳುವುದು ಮಿತವ್ಯಯ. ಎಲೆಗಳ ವಿನಿಮಯವು ಹಿರಿಯರ ಕಣ್ಣೆದುರಿಗೆ ನಡೆಯಲಿ. ಮೊದಲ ಪಂದ್ಯಾಟಕ್ಕೆ ತಂದೆಯಾಗಲಿ ತಾಯಿಯಾಗಲಿ ಜೊತೆಯಲ್ಲಿ ಹೋಗಿ, ತೀರ್ಪುಗಾರರು ಯಾರು, ಬಹುಮಾನವೇನು, ಎಷ್ಟು ಹೊತ್ತಿಗೆ ಮುಗಿಯುವುದು ಎಂಬುದನ್ನು ವಿಚಾರಿಸಿಕೊಳ್ಳಿರಿ.

ತಮ್ಮ ಬೀದಿಯಲ್ಲಿಯೇ ಇಂತಹ ಕೂಟವನ್ನು ಏರ್ಪಡಿಸಬೇಕೆನ್ನುವವರಿಗೂ ಎರಡು ಮಾತು. ಎಂಟು ಮಕ್ಕಳು, ನಾಲ್ಕು ಮೇಜು, ಮೂರು ಸುತ್ತು. ಇಷ್ಟಿದ್ದರೆ ಮಧ್ಯಾಹ್ನವೊಂದರಲ್ಲಿ ಮುಗಿಯುವುದು. ಪ್ರತಿ ವಾರವೂ ಅದೇ ದಿನ, ಅದೇ ಹೊತ್ತಿಗೆ ನಡೆಯಲಿ. ಒಂದು ವಾರ ತಪ್ಪಿದರೆ ಕೂಟವು ಸಡಿಲವಾಗುವುದು. ಬಹುಮಾನವನ್ನೆಲ್ಲ ಗೆದ್ದವನಿಗೇ ಸುರಿಯದೆ ಬಂದವರೆಲ್ಲರಿಗೂ ಏನಾದರೂ ದೊರೆಯುವಂತೆ ಹಂಚಿರಿ. ಹೊಸಬನಿಗೆ ಕಲಿಸಲು ಒಬ್ಬನನ್ನು ಬೇರೆಯಾಗಿಯೇ ಇರಿಸಿರಿ.

ನಮ್ಮ ಸ್ನೇಹಿತರಿಗೂ ನಾವು ಇದನ್ನೇ ಹೇಳಿ ಕಳುಹಿಸಿದೆವು. ಮೊನ್ನೆ ಅವರು ಮರಳಿ ಬಂದಿದ್ದರು. ಭಾನುವಾರ ಮಗನೊಡನೆ ತಾವೂ ಹೋಗಿದ್ದರಂತೆ. ಹುಡುಗನು ಮೊದಲೆರಡು ಪಂದ್ಯಗಳನ್ನು ಸೋತು, ಮೂರನೆಯದನ್ನು ಗೆದ್ದನಂತೆ. ಅವರು ಸಂತೋಷದಿಂದ ಹೇಳಿದ ಮಾತು ಮಾತ್ರ ಆ ಗೆಲುವಿನದಾಗಿರಲಿಲ್ಲ. ಎರಡನೆಯ ಪಂದ್ಯದಲ್ಲಿ ಹುಡುಗನು ಕೈತಪ್ಪಿ ಒಂದೆಲೆಯನ್ನು ಹೆಚ್ಚಾಗಿ ತೆಗೆದುಕೊಂಡುಬಿಟ್ಟನು. ಎದುರಾಳಿಯು ಅದನ್ನು ಗಮನಿಸಿರಲಿಲ್ಲ. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ತಾನೇ ಕೈಯೆತ್ತಿ ತೀರ್ಪುಗಾರನನ್ನು ಕರೆದು ತನ್ನ ತಪ್ಪನ್ನು ಹೇಳಿದನು. ಆ ಪಂದ್ಯವು ಅವನಿಗೆ ಕೈತಪ್ಪಿತು.

“ನಮ್ಮ ತಂದೆಯವರು ಇದ್ದಿದ್ದರೆ ಈ ಎಲೆಗಳನ್ನು ಮನೆಯೊಳಕ್ಕೆ ಬಿಡುತ್ತಿದ್ದರೋ ಏನೋ, ಹೇಳಲಾರೆ,” ಎಂದರು ನಮ್ಮ ಸ್ನೇಹಿತರು, “ನಾನಂತೂ ಬರುವ ಭಾನುವಾರವೂ ಅವನನ್ನು ಕರೆದುಕೊಂಡು ಹೋಗುವೆನು.”