ತೀರ, ಕೋಟೆ, ಕಾಲುದಾರಿ: ಕರಾವಳಿಯಲ್ಲಿ ಕೊರತೆಯಿರುವುದು ಪ್ರವಾಸಿಗರದಲ್ಲ, ಯೋಜನೆಯದು

ಮಳೆಗಾಲ ಮುಗಿದು ಅಕ್ಟೋಬರ್ ಕಾಲಿಟ್ಟೊಡನೆ ಬಯಲುಸೀಮೆಯ ಕಾರ್ಖಾನೆ, ಅಂಗಡಿ, ಕಚೇರಿಗಳಿಂದ ಉತ್ತರ ಕನ್ನಡ ಜಿಲ್ಲೆಯ ಕಡಲತೀರದತ್ತ ಪ್ರವಾಸದ ಬಸ್ಸುಗಳು ಹೊರಡುವುದು ವಾಡಿಕೆ. ಶುಕ್ರವಾರ ರಾತ್ರಿ ಪ್ರಯಾಣ, ಶನಿವಾರ ಗೋಕರ್ಣ, ಭಾನುವಾರ ಮುರುಡೇಶ್ವರ, ಸೋಮವಾರ ಬೆಳಿಗ್ಗೆ ಮತ್ತೆ ಕೆಲಸ. ಬಹುತೇಕ ಪ್ರವಾಸಗಳ ವೇಳಾಪಟ್ಟಿ ಇಷ್ಟೇ. ಇದರಿಂದ ಪ್ರವಾಸಿಗೆ ದೊರೆಯುವುದು ದಣಿವು. ಸ್ಥಳೀಯ ವರ್ತಕನಿಗೆ ದೊರೆಯುವುದು ಎರಡು ದಿನದ ಜನಸಂದಣಿ ಮತ್ತು ಐದು ದಿನದ ಖಾಲಿ ಅಂಗಡಿ. ಕರಾವಳಿಗೆ ಜನರು ಬರುತ್ತಿಲ್ಲವೆಂಬ ದೂರಿನಲ್ಲಿ ಹುರುಳಿಲ್ಲ. ಬಂದವರನ್ನು ಮೂರು ರಾತ್ರಿ ಉಳಿಸಿಕೊಳ್ಳುವ ಸಿದ್ಧ ಯೋಜನೆಯೊಂದು ಇಲ್ಲದಿರುವುದೇ ನಿಜವಾದ ಕೊರತೆ. ಈ ಯೋಜನೆಯನ್ನು ಸರ್ಕಾರ ರೂಪಿಸಲೆಂದು ಕಾಯುವುದಕ್ಕಿಂತ ಅದರ ಲಾಭ ಪಡೆಯಬೇಕಾದ ವರ್ತಕ ಸಮುದಾಯವೇ ರೂಪಿಸುವುದು ಉಚಿತ.

ಒಂದೇ ತಾಲ್ಲೂಕಿನಲ್ಲಿ ಮೂರು ಸಂಪತ್ತು

ಕಡಲತೀರ, ಪ್ರಾಚೀನ ಅವಶೇಷ ಮತ್ತು ಕರಾವಳಿಯ ಕಾಲ್ನಡಿಗೆ, ಈ ಮೂರನ್ನೂ ಒಂದೇ ಪ್ರವಾಸದಲ್ಲಿ ಒದಗಿಸಬಲ್ಲ ಪ್ರದೇಶಗಳು ವಿರಳ. ಕುಮಟಾ ತಾಲ್ಲೂಕು ಮತ್ತು ಅದಕ್ಕೆ ಹೊಂದಿಕೊಂಡ ಹೊನ್ನಾವರ ತಾಲ್ಲೂಕಿನಲ್ಲಿ ಈ ಮೂರೂ ಇವೆ. ಗೋಕರ್ಣದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ತೀರಗಳು ಗುಡ್ಡದ ಮೂಗುಗಳಿಂದ ಬೇರ್ಪಟ್ಟು ಒಂದರ ಪಕ್ಕದಲ್ಲೊಂದು ಮಲಗಿವೆ. ಕೊನೆಯ ಎರಡಕ್ಕೆ ಕಾಲುದಾರಿಯಲ್ಲಿ ನಡೆದು ಅಥವಾ ದೋಣಿಯೇರಿಯೇ ಹೋಗಬೇಕು. ಮುಂದೆ ತದಡಿ ಬಂದರು; ಅಲ್ಲಿ ನದಿ ದಾಟಿದರೆ ಅಘನಾಶಿನಿ ಗ್ರಾಮ; ಅಲ್ಲಿಂದ ಕಾಗಾಲ, ಬಾಡ, ಕಡ್ಲೆಗಳ ಮಾರ್ಗವಾಗಿ ಕುಮಟಾ.

ಅವಶೇಷಗಳ ಮಾತಿಗೆ ಬಂದರೆ, ಅಘನಾಶಿನಿಯ ದಡದ ಮಿರ್ಜಾನ್ ಕೋಟೆ ಕುಮಟಾದಿಂದ ಸುಮಾರು 11 ಕಿ.ಮೀ. ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ಕ್ಕೆ ಸಮೀಪದಲ್ಲೇ ಇದೆ. ಕೆಂಪು ಮುರಕಲ್ಲಿನ ಈ ಕೋಟೆಯೊಂದಿಗೆ 16ನೆಯ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ತಳುಕು ಹಾಕಿಕೊಂಡಿದೆ. ಶರಾವತಿಯ ದಡದ ಗೇರುಸೊಪ್ಪೆಯಲ್ಲಿ ಆಕೆಯ ರಾಜಧಾನಿಯ ಕುರುಹಾಗಿ ಚತುರ್ಮುಖ ಬಸದಿ ಕಾಡಿನ ನಡುವೆ ಉಳಿದಿದೆ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಈ ಬಸದಿಗೆ ಬರುವ ಪ್ರವಾಸಿಗರು, ಅದೇ ಹೆದ್ದಾರಿಯಲ್ಲಿ ಜೋಗ ಜಲಪಾತಕ್ಕೆ ಸಾಗುವವರ ಎದುರು ಅತ್ಯಲ್ಪ.

ವರ್ತಕರಾದವರು ಈ ಅವಶೇಷಗಳಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇವು ಕೇವಲ ಯುದ್ಧದ ಕುರುಹುಗಳಲ್ಲ, ವ್ಯಾಪಾರದ ಕುರುಹುಗಳು. ಪೋರ್ಚುಗೀಸರು ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೇಲಿನ ಮೆಣಸು ನದಿಗಳ ಮೂಲಕ ಇಳಿದು ಈ ಬಂದರುಗಳಿಂದ ಹಡಗೇರುತ್ತಿತ್ತು. 14ನೆಯ ಶತಮಾನದಲ್ಲಿ ಇಬ್ನ್ ಬತೂತ, 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ಹೊನ್ನಾವರವನ್ನು ಕಂಡು ಬರೆದಿದ್ದಾರೆ. ಇಂಥ ವೃತ್ತಾಂತವನ್ನು ಕೋಟೆಯ ಬಾಗಿಲಲ್ಲಿ ಪ್ರವಾಸಿಗೆ ಹೇಳುವವರಿದ್ದರೆ ಅದೇ ಬಾಗಿಲಲ್ಲಿ ಮೆಣಸಿನ ಪೊಟ್ಟಣವೂ ಮಾರಾಟವಾದೀತು.

ನಾಲ್ಕು ಹಗಲು, ಮೂರು ರಾತ್ರಿ

ಯೋಜನೆಯ ಸ್ವರೂಪವನ್ನು ಹೀಗೆ ಕಲ್ಪಿಸಬಹುದು. ಮೊದಲ ದಿನ ರೈಲು ಅಥವಾ ಬಸ್ಸಿನಿಂದ ಗೋಕರ್ಣಕ್ಕೆ ಬಂದು, ದೇವರ ದರ್ಶನ ಮುಗಿಸಿ, ಸಂಜೆ ಕುಡ್ಲೆಯಲ್ಲಿ ವಿರಾಮ. ಎರಡನೆಯ ದಿನ ಮುಂಜಾನೆಯೇ ಹೊರಟು ತೀರದಿಂದ ತೀರಕ್ಕೆ ನಡೆದು ತದಡಿ ತಲುಪಿ, ದೋಣಿಯಲ್ಲಿ ನದಿ ದಾಟಿ, ಅಘನಾಶಿನಿ ಅಥವಾ ಕಾಗಾಲದ ಮನೆಗಳಲ್ಲಿ ವಾಸ್ತವ್ಯ. ಮೂರನೆಯ ದಿನ ಬಾಡ, ಕಡ್ಲೆಗಳ ದಾರಿಯಾಗಿ ಕುಮಟಾ. ಬಿಸಿಲು ಇಳಿದ ಮೇಲೆ ಮಿರ್ಜಾನ್ ಕೋಟೆ. ನಾಲ್ಕನೆಯ ದಿನ ಹೊನ್ನಾವರ, ಗೇರುಸೊಪ್ಪೆ, ಸಂಜೆ ಮರುಪ್ರಯಾಣ. ನಡೆಯಲಾರದ ಹಿರಿಯರು ಅದೇ ಹಳ್ಳಿಗಳಿಗೆ ಆಟೋದಲ್ಲಿ ಬಂದು ಊಟದ ವೇಳೆಗೆ ತಂಡವನ್ನು ಸೇರಿಕೊಳ್ಳಬಹುದು.

ಲೆಕ್ಕ ಸರಳ. ನಲವತ್ತು ಮಂದಿಯ ಬಸ್ಸೊಂದು ಒಂದು ರಾತ್ರಿ ತಂಗಿದರೆ ನಲವತ್ತು ಹಾಸಿಗೆಗಳ ವ್ಯಾಪಾರ. ಮೂರು ರಾತ್ರಿ ತಂಗಿದರೆ ನೂರಿಪ್ಪತ್ತು. ಅದಕ್ಕಿಂತ ಮುಖ್ಯವಾದುದು ಹಣ ಹಂಚಿಹೋಗುವ ರೀತಿ. ಬಸ್ಸಿನಲ್ಲಿ ಸಾಗುವವನು ಹೆದ್ದಾರಿಯ ದೊಡ್ಡ ಹೋಟೆಲಿನ ಮುಂದೆ ಮಾತ್ರ ನಿಲ್ಲುತ್ತಾನೆ. ನಡೆಯುವವನಿಗೆ ಎರಡು ಗಂಟೆಗೊಮ್ಮೆ ಎಳನೀರು ಬೇಕು, ನೆರಳು ಬೇಕು, ಊಟ ಬೇಕು, ದೋಣಿ ಬೇಕು. ಸಾಣಿಕಟ್ಟೆಯ ಉಪ್ಪು, ಅಘನಾಶಿನಿಯ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತದ ಅಕ್ಕಿ, ಕುಮಟಾದ ಸಿಹಿ ಈರುಳ್ಳಿ, ಶ್ರೀಗಂಧದ ಕೆತ್ತನೆ, ಇವನ್ನೆಲ್ಲ ಮಾರುಕಟ್ಟೆಗೆ ಹೊತ್ತೊಯ್ಯುವ ಬದಲು ಮಾರುಕಟ್ಟೆಯೇ ಉತ್ಪಾದಕನ ಅಂಗಳಕ್ಕೆ ನಡೆದುಬರುವಂತಾಗುತ್ತದೆ. ಅಘನಾಶಿನಿಯ ಅಳಿವೆ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿರುವುದನ್ನು 2024ರಲ್ಲಿ ಪ್ರಕಟಿಸಲಾಯಿತು. ಇಂಥ ಮನ್ನಣೆಯೂ ಮಾರಾಟಕ್ಕೆ ಒದಗುವ ಹೆಸರೇ.

ಟರ್ಕಿಯ ಉದಾಹರಣೆ

ಇದು ಕಾಗದದ ಮೇಲಿನ ಕನಸೆಂದು ಭಾವಿಸುವವರು ಟರ್ಕಿಯ ದಕ್ಷಿಣ ಕರಾವಳಿಯನ್ನು ಅವಲೋಕಿಸಬಹುದು. ಫೆತಿಯೆ ಮತ್ತು ಅಂತಾಲ್ಯಗಳ ನಡುವೆ ಸುಮಾರು 500 ಕಿ.ಮೀ. ಉದ್ದದ ಲಿಸಿಯನ್ ಕಾಲುದಾರಿ 1999ರಲ್ಲಿ ತೆರೆಯಿತು. ಅದನ್ನು ಗುರುತಿಸಿದವರು ಆ ದೇಶದಲ್ಲಿ ನೆಲೆಸಿದ ಬ್ರಿಟಿಷ್ ಮಹಿಳೆ ಕೇಟ್ ಕ್ಲೋ. ಹೊಸ ರಸ್ತೆಯನ್ನೇನೂ ಕಡಿಯಲಿಲ್ಲ. ಹಳೆಯ ಹಾದಿಗಳನ್ನು ಜೋಡಿಸಿ, ಬಂಡೆಗಳ ಮೇಲೆ ಕೆಂಪು–ಬಿಳಿ ಬಣ್ಣದ ಗುರುತು ಹಾಕಿ, ಕೈಪಿಡಿಯೊಂದನ್ನು ಪ್ರಕಟಿಸಲಾಯಿತು. ಅದೇ ತೀರದ ಪತಾರಾದಲ್ಲಿ ಹಲವು ಕಿಲೋಮೀಟರ್ ಉದ್ದದ ಮರಳದಂಡೆಗೆ ಹೋಗುವ ದಾರಿ ಪ್ರಾಚೀನ ನಗರದ ಅವಶೇಷಗಳ ನಡುವೆಯೇ ಹಾಯುತ್ತದೆ. ಸ್ನಾನಕ್ಕೆ ಬಂದವನು ಇತಿಹಾಸವನ್ನು ನೋಡದೆ ಹಿಂದಿರುಗಲಾರ. ಕಡಲಾಮೆಗಳು ಮೊಟ್ಟೆಯಿಡುವ ಆ ತೀರವನ್ನು ರಾತ್ರಿ ಮುಚ್ಚುತ್ತಾರೆ. ಆದರೂ ಪ್ರವಾಸೋದ್ಯಮ ಕುಗ್ಗಿಲ್ಲ. ಹೊನ್ನಾವರದ ತೀರಕ್ಕೂ ಆಲಿವ್ ರಿಡ್ಲಿ ಆಮೆಗಳು ಬರುತ್ತವೆಂಬುದನ್ನು ಇಲ್ಲಿ ಸ್ಮರಿಸಬೇಕು. ಬಣ್ಣ, ಕುಂಚ, ಕೈಪಿಡಿ, ಇವು ಯಾವ ವಾಣಿಜ್ಯ ಸಂಘದ ಶಕ್ತಿಗೂ ಮೀರಿದ ವೆಚ್ಚಗಳಲ್ಲ.

ಸುರಕ್ಷತೆಯೇ ಬಂಡವಾಳ

ಯೋಜನೆಯಿಲ್ಲದ ಪ್ರವಾಸದ ಬೆಲೆಯನ್ನು ಕರಾವಳಿ ಈಗಾಗಲೇ ತೆತ್ತಿದೆ. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಪ್ರಾಣ ಕಳೆದುಕೊಂಡರು. ಆ ನಾಲ್ಕು ಮನೆಗಳ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತುಂಬಿಕೊಡಲಾರದು. ಅನಂತರ ಹಂಗಾಮಿನ ನಡುವೆಯೇ ತೀರವನ್ನು ಕೆಲಕಾಲ ಮುಚ್ಚಬೇಕಾಯಿತು. ಅದೇ ವರ್ಷದ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು.

ಆದುದರಿಂದ ಯೋಜನೆಯ ಪ್ರಥಮ ಪುಟದಲ್ಲೇ ಕೆಲವು ನಿಯಮಗಳಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರದ ನಡಿಗೆ ನಿಷಿದ್ಧ. ಉಬ್ಬರವಿಳಿತದ ವೇಳೆಯನ್ನು ನೋಡಿಯೇ ಬಂಡೆಗಳ ಬುಡದ ಹಾದಿ ಹಿಡಿಯಬೇಕು. ಜೀವರಕ್ಷಕರಿಲ್ಲದ ತೀರದಲ್ಲಿ ನೀರಿಗಿಳಿಯಕೂಡದು. ಸ್ಥಳೀಯ ಮಾರ್ಗದರ್ಶಿಯಿಲ್ಲದೆ ತಂಡ ಹೊರಡಕೂಡದು. ಕಾಡಿನ ಅಂಚಿನ ದಾರಿಗೆ ಸಂಬಂಧಿಸಿದ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆಯಿತು. ನೀರಿನ ಶುದ್ಧತೆ, ಸ್ವಚ್ಛತೆ, ಸುರಕ್ಷತೆಗಳನ್ನು ಪರಿಶೀಲಿಸಿಯೇ ಕೊಡುವ ಮನ್ನಣೆಯಿದು. ಈ ಜಿಲ್ಲೆಯವರಿಗೆ ಶಿಸ್ತು ಅಸಾಧ್ಯವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆಕ್ಷೇಪಗಳು ಮತ್ತು ಕರ್ತವ್ಯ

ನಾಲ್ಕು ತಿಂಗಳ ಮಳೆಗಾಲದಲ್ಲಿ ಬಂಡವಾಳ ನಿಷ್ಕ್ರಿಯವಾಗುತ್ತದೆಂಬ ಆಕ್ಷೇಪ ಸಹಜ. ಹೊಸ ಕಟ್ಟಡಕ್ಕೆ ಸಾಲ ಮಾಡಿದವನಿಗೆ ಅದು ಸತ್ಯವೂ ಹೌದು. ಆದರೆ ಇರುವ ಮನೆಯ ಎರಡು ಕೋಣೆಗಳನ್ನು ಅಚ್ಚುಕಟ್ಟುಗೊಳಿಸಿದವನಿಗೆ, ಮಳೆಗಾಲದಲ್ಲಿ ಗದ್ದೆಗಿಳಿಯುವವನಿಗೆ ಆ ಹೊರೆಯಿಲ್ಲ. ಕಾಲ್ನಡಿಗೆಯ ಪ್ರವಾಸ ಅಪೇಕ್ಷಿಸುವುದು ಇಂಥ ಚಿಕ್ಕ ವಾಸ್ತವ್ಯಗಳನ್ನೇ. ನಡೆಯುವವರು ಕಡಿಮೆ ಖರ್ಚು ಮಾಡುತ್ತಾರೆಂಬುದು ಇನ್ನೊಂದು ಆಕ್ಷೇಪ. ದಿನವೊಂದಕ್ಕೆ ಕಡಿಮೆಯಿರಬಹುದು; ದಿನಗಳು ಹೆಚ್ಚಿದಾಗ ಮೊತ್ತವೂ ಹೆಚ್ಚುತ್ತದೆ.

ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆ ಬಾಡಿಗೆಯ ಮೇಲಿನ ಜಿ.ಎಸ್.ಟಿ. ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5ಕ್ಕೆ ಇಳಿದಿದೆ, ಇದಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ತಂಗುವವನಿಗೆ ಇದು ಅನುಕೂಲ. ಕೋಣೆಯ ಮಾಲೀಕರು ಮಾತ್ರ ಕೈತಪ್ಪುವ ಜಮೆಯನ್ನು ಲೆಕ್ಕಕ್ಕೆ ಹಿಡಿದೇ ದರ ನಿಗದಿಪಡಿಸುವುದು ಕ್ಷೇಮ.

ಈ ದಿಶೆಯಲ್ಲಿ ಕುಮಟಾ, ಗೋಕರ್ಣ, ಹೊನ್ನಾವರಗಳ ವರ್ತಕರು ಒಂದೆಡೆ ಕುಳಿತು ನಿರ್ಧರಿಸಬಹುದಾದ ವಿಷಯಗಳು ಕೆಲವೇ. ದೋಣಿಯ ವೇಳೆ ಮತ್ತು ದರದ ಫಲಕ, ದಾರಿಯ ಗುರುತು, ತರಬೇತಿ ಪಡೆದ ಸ್ಥಳೀಯ ಯುವಕ–ಯುವತಿಯರ ಮಾರ್ಗದರ್ಶಿ ಪಡೆ, ಜೀವರಕ್ಷಕರ ವೇತನಕ್ಕೆ ವಂತಿಗೆ, ಕಸ ಹಿಂದಕ್ಕೆ ತರುವ ವ್ಯವಸ್ಥೆ, ಕನ್ನಡದಲ್ಲೊಂದು ಕೈಪಿಡಿ. ಬಯಲುಸೀಮೆಯ ಸಣ್ಣ ಕೈಗಾರಿಕೆಗಳ ಮಾಲೀಕರ ಪಾತ್ರವೂ ಕಿರಿದಲ್ಲ. ಕಾರ್ಮಿಕರ ವಾರ್ಷಿಕ ಪ್ರವಾಸವನ್ನು ವಾರಾಂತ್ಯದ ನೂಕುನುಗ್ಗಲಿನಿಂದ ತಪ್ಪಿಸಿ ವಾರದ ನಡುವೆ, ಯಂತ್ರಗಳ ವಾರ್ಷಿಕ ದುರಸ್ತಿಯ ದಿನಗಳಿಗೆ ಹೊಂದಿಸಿದರೆ ಉತ್ಪಾದನೆಗೂ ಧಕ್ಕೆಯಿಲ್ಲ, ಕೋಣೆಯೂ ಸುಲಭ ದರದಲ್ಲಿ ದೊರೆತೀತು.

ಕಾಳುಮೆಣಸಿನ ಕಾಲದಲ್ಲಿ ಈ ತೀರಕ್ಕೆ ಪರದೇಶದ ಹಡಗುಗಳು ಬಂದುದು ಸರಕು ಸಿದ್ಧವಾಗಿ ದೊರೆಯುತ್ತದೆಂಬ ಭರವಸೆಯಿಂದ. ಇಂದು ಪ್ರವಾಸಿಗೆ ಬೇಕಿರುವುದೂ ಅದೇ ಬಗೆಯ ಭರವಸೆ. ಬರುವ ಅಕ್ಟೋಬರ್‌ನ ಮೊದಲ ಬಸ್ಸಿಗೆ ಮುನ್ನ ದೋಣಿಯ ಫಲಕ ನೆಡುವುದಕ್ಕಾದರೂ ವರ್ತಕ ಸಂಘಗಳು ಮುಂದಾಗಬೇಕು.