ಗೇಟು ತೆರೆಯುವ ಮೊದಲು ಕೇಳು, ಕನ್ನಡಿಗಾ!



2025ರ ಜೂನ್ 4 ನೆನಪಿದೆಯಾ? ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಗೆದ್ದಿತ್ತು. ಹದಿನೆಂಟನೆಯ ಸಲ ಸಿಕ್ಕ ಕಪ್ಪು. ನೀನು ಬೀದಿಯಲ್ಲಿ ಪಟಾಕಿ ಹೊಡೆದೆ, ಬೈಕಿಗೆ ಬಾವುಟ ಕಟ್ಟಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಮರುದಿನ ಮಧ್ಯಾಹ್ನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ 11 ಜನ ಸತ್ತರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ನಿನ್ನ ವಯಸ್ಸಿನವರು. ಒಳಗೆ ಸಂಭ್ರಮ ನಡೆದಿತ್ತು, ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಯಾವ ಗೇಟು ತೆರೆದಿದೆ, ಯಾವುದು ಮುಚ್ಚಿದೆ, ಪಾಸು ಬೇಕೇ ಬೇಡವೇ ಎಂದು ಹೊರಗೆ ನಿಂತ ಜನಕ್ಕೆ ಸರಿಯಾಗಿ ಹೇಳುವವರು ಇರಲಿಲ್ಲ.

ಆಮೇಲೆ ನಡೆದದ್ದು ಎಂದಿನ ನಾಟಕ. ಇವರು ಅವರ ಕಡೆ ಬೊಟ್ಟು ಮಾಡಿದರು, ಅವರು ಇವರ ಕಡೆ ಮಾಡಿದರು. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ಜುಲೈನಲ್ಲಿ ವರದಿ ಕೊಟ್ಟಿತು. ಭಾರಿ ಜನ ಸೇರುವ ಕಾರ್ಯಕ್ರಮಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣ ತಕ್ಕದ್ದಲ್ಲ, ಸುರಕ್ಷಿತವೂ ಅಲ್ಲ ಎಂದಿತು. ಗೇಟು ದಾಟಿದರೆ ನೇರ ಫುಟ್‌ಪಾತು. ಜನ ಸಾಲುಗಟ್ಟಿ ನಿಲ್ಲಲು ಜಾಗವೇ ಇಲ್ಲ. ಆ ವರ್ಷದ ಮಹಿಳಾ ವಿಶ್ವಕಪ್ಪಿನಲ್ಲಿ ನಮ್ಮೂರಿಗೆ ಬರಬೇಕಿದ್ದ ಪಂದ್ಯಗಳು ಬೇರೆ ಊರುಗಳಿಗೆ ಹೋದವು. ನಮ್ಮ ಹುಡುಗಿಯರು ಕಪ್ಪು ಎತ್ತಿದ್ದನ್ನು ಬೆಂಗಳೂರು ಟೀವಿಯಲ್ಲಿ ನೋಡಿತು.

ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರಕಾರ ಹೊಸ ಮಂತ್ರ ಹೇಳಿತು. ಆನೇಕಲ್ ತಾಲ್ಲೂಕಿನ ಸೂರ್ಯನಗರ ನಾಲ್ಕನೇ ಹಂತದಲ್ಲಿ, ಇಂಡ್ಲವಾಡಿಯ ಕಡೆ, 100 ಎಕರೆಯಲ್ಲಿ ಕ್ರೀಡಾ ಸಂಕೀರ್ಣ. 80,000 ಜನ ಕೂರುವ ಕ್ರಿಕೆಟ್ ಅಂಗಳ. ಖರ್ಚು 1,650 ಕೋಟಿ, ಅದನ್ನು ಭರಿಸುವುದು ಕರ್ನಾಟಕ ಗೃಹ ಮಂಡಳಿ. ಅಹಮದಾಬಾದು ಬಿಟ್ಟರೆ ದೇಶದಲ್ಲೇ ದೊಡ್ಡದು ಎಂಬ ಜಂಬ ಬೇರೆ.

ಬೇಕೋ ಬೇಡವೋ ಎಂಬ ವಾದ ಶುರುವಾಯಿತು. ಒಂದು ಕಡೆಯವರು ಚಪ್ಪಾಳೆ ತಟ್ಟಿದರು, ಇನ್ನೊಂದು ಕಡೆಯವರು ದುಡ್ಡು ದಂಡ ಎಂದರು. ಇಬ್ಬರೂ ಒಂದು ಪ್ರಶ್ನೆ ಬಿಟ್ಟರು. ಕಟ್ಟಿದ ಮೇಲೆ ಅದು ಯಾರದು?

ನಾವು ಬೇಡ ಅನ್ನುವವರಲ್ಲ

ಮೊದಲೇ ಹೇಳಿಬಿಡುತ್ತೇವೆ. ಬೆಂಗಳೂರಿಗೆ ಹೊಸ ಕ್ರೀಡಾಂಗಣ ಬೇಕು. ಹನ್ನೊಂದು ಹೆಣ ಬಿದ್ದ ಮೇಲೂ ಬೇಡ ಎನ್ನುವವನಿಗೆ ಕಣ್ಣಿಲ್ಲ.

ಆದರೆ ಕ್ರೀಡಾಂಗಣವೆಂದರೆ ಸಿಮೆಂಟಲ್ಲ. 1974ರಲ್ಲಿ ಕಬ್ಬನ್ ಪಾರ್ಕಿನ ಪಕ್ಕದ ಅದೇ ಅಂಗಳದಲ್ಲಿ ಕರ್ನಾಟಕ ಮುಂಬಯಿಯನ್ನು ರಣಜಿ ಸೆಮಿಫೈನಲ್ಲಿನಲ್ಲಿ ಮಣಿಸಿತು. ಸತತ 15 ವರ್ಷ ಕಪ್ಪು ಬಿಡದಿದ್ದ ಮುಂಬಯಿ ಅದು! ಭದ್ರಾವತಿಯ ವಿಶ್ವನಾಥ್, ನಮ್ಮ ಪ್ರಸನ್ನ, ಚಂದ್ರಶೇಖರ್. ಆಗ ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ, ಆಟಗಾರರು ಪೂರ್ತಿಯಾಗಿದ್ದರು. ಈಗಿನವರಿಗೆ ಕಟ್ಟಡದ ಲೆಕ್ಕ ಬಾಯಿಪಾಠ. ಆನೇಕಲ್ಲಿನ ಎಷ್ಟು ಮಕ್ಕಳು ಅಲ್ಲಿ ಆಡುತ್ತಾರೆ ಎಂದು ಕೇಳು, ಉತ್ತರವಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು

ಕನ್ನಡಿಗನಿಗೆ ಒಂದು ಕೆಟ್ಟ ಚಾಳಿಯಿದೆ. ಎಲ್ಲ ಮುಗಿದ ಮೇಲೆ ಬೀದಿಗೆ ಬರುವುದು.

ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008ರಲ್ಲಿ. ಅದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರು ಬಂದದ್ದು 2013ರಲ್ಲಿ. ಊರು ಕಟ್ಟಿದವನ ಹೆಸರಿಗೆ ಐದು ವರ್ಷ ಕಾಯಬೇಕಾಯಿತು! ನಮ್ಮ ಮೆಟ್ರೊ ಓಡಲು ಶುರುವಾದದ್ದು 2011ರಲ್ಲಿ. ಅದರ ಫಲಕಗಳಲ್ಲಿದ್ದ ಹಿಂದಿಯನ್ನು ತೆಗೆಸಲು 2017ರಲ್ಲಿ ಚಳವಳಿಯೇ ಆಗಬೇಕಾಯಿತು. ಅಂಗಡಿ ಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಬೇಕೆಂದು 2023ರ ಡಿಸೆಂಬರಿನಲ್ಲಿ ಹೋರಾಟಗಾರರು ಜೈಲಿಗೆ ಹೋದರು. ಆಮೇಲೆ 2024ರಲ್ಲಿ ಕಾನೂನು ತಿದ್ದಿದರು.

ಪ್ರತಿ ಸಲವೂ ಇದೇ ಕತೆ. ಕಟ್ಟುವಾಗ ನಾವು ಸುಮ್ಮನೆ. ಉದ್ಘಾಟನೆಯ ದಿನ ನಾವು ಚಪ್ಪಾಳೆ. ಆಮೇಲೆ ಒಳಗೆ ಹೋಗಿ ನೋಡಿದರೆ ನಮ್ಮ ಮಾತಿಲ್ಲ. ಆಗ ಮಸಿ, ಡಬ್ಬಿ, ಬ್ರಷ್ಷು, ಪೊಲೀಸ್ ಠಾಣೆ. ಆಗ ಇಂಗ್ಲಿಷ್ ಪತ್ರಿಕೆಗಳು ನಮ್ಮನ್ನು ಪುಂಡರು ಎಂದು ಬರೆಯುತ್ತವೆ. ಮಸಿ ಬಳಿಯುವ ಬದಲು ಕರಾರು ಬರೆಯುವಾಗಲೇ ಶಾಯಿ ಸುರಿಸಿದ್ದರೆ ಈ ಗತಿ ಬರುತ್ತಿತ್ತೇ?

ಯಾವ ಸೂರ್ಯನಗರ ಅದು?

ಕ್ರೀಡಾಂಗಣ ಬರುವ ಸೂರ್ಯನಗರದ ಹೆಸರನ್ನು ನೀನು ಮೊದಲೇ ಕೇಳಿದ್ದೀಯ. 2025ರ ಮೇ ತಿಂಗಳಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯ ಮ್ಯಾನೇಜರು ಗ್ರಾಹಕರ ಮುಂದೆ ಕನ್ನಡ ಮಾತಾಡುವುದೇ ಇಲ್ಲ ಎಂದು ಪಟ್ಟು ಹಿಡಿದದ್ದು ನಾಡಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಮುಖ್ಯಮಂತ್ರಿಯೇ ಖಂಡಿಸಿದರು. ವರ್ಗಾವಣೆ ಆಯಿತು, ಕ್ಷಮೆ ಬಂತು. ಅಲ್ಲಿಗೆ ಮುಗಿಯಿತು ಎಂದುಕೊಂಡೆಯಾ? ಒಂದು ಬ್ಯಾಂಕಿನ ಕೌಂಟರಿನಲ್ಲೇ ಕನ್ನಡಕ್ಕೆ ಜಾಗವಿಲ್ಲದಿದ್ದರೆ 80,000 ಕುರ್ಚಿಗಳ ನಡುವೆ ಅದಕ್ಕೆ ಯಾವ ಸೀಟು ಇಟ್ಟಿದ್ದಾರೆ?

ಆನೇಕಲ್ ಗಡಿ ತಾಲ್ಲೂಕು. ಅತ್ತಿಬೆಲೆ ದಾಟಿದರೆ ಹೊಸೂರು. ಗಡಿಯ ಊರಿನಲ್ಲಿ ಭಾಷೆ ಉಳಿಯುವುದು ಘೋಷಣೆಯಿಂದಲ್ಲ. ಶಾಲೆ, ಕೆಲಸ, ಆಟದ ಬಯಲಿನಿಂದ.

ಹಿಂದಿನ ಪಾಠ ಓದು. 1970ರ ದಶಕದ ಕೊನೆಯಲ್ಲಿ ಸರಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಬಾಲಿಗ ಅವರ ಕನಸು ದೊಡ್ಡದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇವತ್ತು ಹೊರಗಿನವನಿಗೆ ಆ ಎರಡು ಹಳ್ಳಿಗಳ ಹೆಸರು ಗೊತ್ತಿದೆಯೇ? ಹಳದಿ ಮೆಟ್ರೊ ಮಾರ್ಗದಲ್ಲಿ ಹೋಗಿ ನೋಡು. ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ. ಬಯೋಕಾನ್ ಹೆಬ್ಬಗೋಡಿ. ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ನಿಲ್ದಾಣಕ್ಕೆ ದುಡ್ಡು ಕೊಟ್ಟವರ ಹೆಸರು ಮುಂದೆ, ನೆಲ ಕೊಟ್ಟ ಊರಿನ ಹೆಸರು ಹಿಂದೆ. ಇನ್ನು ಕ್ರೀಡಾಂಗಣದ ಹಣೆಗೆ ಯಾರ ಹೆಸರು ಅಂಟುತ್ತದೋ? ಅಹಮದಾಬಾದಿನ ಅಂಗಳದ ಹೆಸರು 2021ರಲ್ಲಿ ಬದಲಾದಾಗ ಆ ಊರಿನ ಪ್ರೇಕ್ಷಕನನ್ನು ಯಾರೂ ಕೇಳಿರಲಿಲ್ಲ.

ಗೃಹ ಮಂಡಳಿಯ ದುಡ್ಡು ಯಾರದು?

ಬೊಕ್ಕಸಕ್ಕೆ ಹೊರೆಯಿಲ್ಲ, ಮಂಡಳಿಯೇ ಭರಿಸುತ್ತದೆ ಎನ್ನುತ್ತಾರೆ. ಎಂಥ ಜಾಣತನ! ಮಂಡಳಿ ಹುಟ್ಟಿದ್ದು 1962ರಲ್ಲಿ, ಜನರಿಗೆ ಮನೆ ಕಟ್ಟಿಕೊಡಲು. ಅದರ ದುಡ್ಡು ನಿವೇಶನ ಕೊಂಡ ಮಧ್ಯಮ ವರ್ಗದವನ ದುಡ್ಡು, ಜಮೀನು ಬಿಟ್ಟುಕೊಟ್ಟ ರೈತನ ದುಡ್ಡು. ಮನೆಯೊಂದಕ್ಕೆ 10 ಲಕ್ಷ ಎಂದು ಹಿಡಿದರೆ 1,650 ಕೋಟಿಗೆ 16,500 ಮನೆ ಏಳುತ್ತವೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳ ಸುತ್ತ ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಪಾಳಿಯಲ್ಲಿ ಮಲಗುವುದನ್ನು ನೀನು ನೋಡಿಲ್ಲವೇ? ಅಷ್ಟೂ ಮನೆಯನ್ನು ಬಿಟ್ಟು ಕುರ್ಚಿ ಕಟ್ಟುವುದಾದರೆ ಆ ಕುರ್ಚಿಯಲ್ಲಿ ಆ ಕಾರ್ಮಿಕ ಕೂರುವ ಹಾಗಿರಬೇಕು. 2025ರಲ್ಲಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಪಂದ್ಯದ ಅತಿ ಅಗ್ಗದ ಟಿಕೆಟ್ಟೇ 2,000 ರೂಪಾಯಿ ದಾಟಿತ್ತು. ಪೀಣ್ಯದ ಲೇತ್ ಮಿಷನ್ನಿನ ಹುಡುಗ ಹೆಂಡತಿ ಮಕ್ಕಳ ಜೊತೆ ಹೋದರೆ ತಿಂಗಳ ದಿನಸಿ ಹೋಯಿತು.

ಪಂದ್ಯ ಇಲ್ಲದ ದಿನ ಏನು? 2014ರ ಫುಟ್‌ಬಾಲ್ ವಿಶ್ವಕಪ್ಪಿಗೆ ಬ್ರೆಜಿಲ್ ತನ್ನ ರಾಜಧಾನಿಯಲ್ಲಿ ದುಬಾರಿ ಕ್ರೀಡಾಂಗಣ ಕಟ್ಟಿತು. ಮರುವರ್ಷವೇ ಅದರ ಅಂಗಳದಲ್ಲಿ ಬಸ್ಸು ನಿಲ್ಲಿಸಿದರು! ನಮ್ಮದರ ಯೋಜನೆಯಲ್ಲಿ ಎಂಟು ಒಳಾಂಗಣ, ಎಂಟು ಹೊರಾಂಗಣ ಆಟ, ಈಜುಕೊಳ, ಹಾಸ್ಟೆಲು ಎಲ್ಲ ಇವೆ. ಸಂತೋಷ. ಅದರ ಜೊತೆಗೇ ಹೋಟೆಲು, ಸಮಾವೇಶ ಭವನವೂ ಇವೆ. ಮದುವೆ ಮುಂಜಿ ನಡೆದು, ಈಜುಕೊಳಕ್ಕೆ ಬೀಗ ಬೀಳುವುದಿಲ್ಲವೆಂದು ಬರೆದು ಕೊಡುವವರು ಯಾರು?

ದಾರಿ ಎಲ್ಲಿದೆ ಸ್ವಾಮಿ?

ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಶುರುವಿಗೆ ಮೂರೇ ರೈಲು, 25 ನಿಮಿಷಕ್ಕೊಂದು. ಅದೂ ಬೊಮ್ಮಸಂದ್ರಕ್ಕೇ ನಿಲ್ಲುತ್ತದೆ. ಮುಂದೆ ಚಂದಾಪುರದ ಜಂಕ್ಷನ್, ಆನೇಕಲ್ ರಸ್ತೆ. ಅಲ್ಲಿನ ಸಂಜೆಯ ಟ್ರಾಫಿಕ್ಕು ನಿನಗೆ ನಾನು ಹೇಳಬೇಕೇ?

ಲೆಕ್ಕ ಮಾಡು. 80,000 ಜನರಲ್ಲಿ ಅರ್ಧ ಜನ ಮೆಟ್ರೊ ಹಿಡಿದರೆ 40,000. ಮೈಗೆ ಮೈ ಒತ್ತಿ ನಿಂತರೂ ಒಂದು ರೈಲಿಗೆ ಸುಮಾರು 2,000. ಅಂದರೆ 20 ರೈಲು. ಹತ್ತು ನಿಮಿಷಕ್ಕೊಂದು ಬಂದರೂ ಕೊನೆಯವನು ಹತ್ತಲು ಮೂರು ತಾಸಿನ ಮೇಲಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಪಂದ್ಯ ಮುಗಿದರೆ ನೀನು ಮನೆ ಸೇರುವುದು ಹಾಲಿನವನ ಜೊತೆ. ದಾರಿ ಕಟ್ಟದೆ ಗೇಟು ಕಟ್ಟಿದರೆ ಚಿನ್ನಸ್ವಾಮಿಯ ಸಾವು ಚಂದಾಪುರಕ್ಕೆ ವರ್ಗವಾಗುತ್ತದೆ, ಅಷ್ಟೆ.

ನೀರಿನ ಮಾತೂ ಇದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಅಂಗಳವಾಯಿತು. ಚಂದಾಪುರ ಕೆರೆ ಕೆಡಿಸಿದ್ದಕ್ಕೆ 2022ರಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 500 ಕೋಟಿ ದಂಡ ಕಟ್ಟಲು ಹೇಳಿತು. ಆಟಕ್ಕಾಗಿ ಕೆರೆ ಕೊಂದ ಊರು ಇನ್ನೊಂದನ್ನು ಕೊಲ್ಲಬಾರದು.

ನಮ್ಮ ಕರಾರು ಇದು

ಗೇಟು ತೆರೆಯುವ ಮೊದಲೇ, ಗುತ್ತಿಗೆಯ ಕಾಗದದಲ್ಲೇ ಇವು ಬರಬೇಕು:

1. ಸುರಕ್ಷತೆ. ನುಗ್ಗಿ ಬಂದ ಜನ ನಿಲ್ಲಲು ಗೇಟಿನ ಹೊರಗೆ ಬಯಲು. ಗೇಟಿನ ಹೆಸರು, ದಾರಿ ಫಲಕ, ಧ್ವನಿವರ್ಧಕದ ಎಚ್ಚರಿಕೆ ಮೊದಲು ಕನ್ನಡದಲ್ಲಿ, ಆಮೇಲೆ ಬಂದವರಿಗೆ ಬೇಕಾದ ಭಾಷೆಯಲ್ಲಿ. ಇದು ಬರೀ ಅಭಿಮಾನದ ಮಾತಲ್ಲ, ಜೀವದ ಮಾತು.

2. ಕೆಲಸ. 2020-25ರ ಕೈಗಾರಿಕಾ ನೀತಿ ಕನ್ನಡಿಗರಿಗೆ ಒಟ್ಟು ಶೇ. 70, ಡಿ ದರ್ಜೆಯಲ್ಲಿ ಶೇ. 100 ಎಂದಿತ್ತು. 2024ರ ಜುಲೈನಲ್ಲಿ ಸ್ಥಳೀಯರ ಉದ್ಯೋಗ ಮಸೂದೆಗೆ ಸಂಪುಟ ಒಪ್ಪಿ, ಉದ್ಯಮಿಗಳು ಗುಡುಗಿದೊಡನೆ ಎರಡೇ ದಿನದಲ್ಲಿ ತಡೆಹಿಡಿಯಿತು. ಖಾಸಗಿಯವರ ಬಗ್ಗೆ ಹೆದರಿಕೆಯಂತೆ. ಇದು ಸರಕಾರದ್ದೇ ಅಂಗಳ. ಇಲ್ಲಿ ಯಾರ ಹೆದರಿಕೆ? ಸರೋಜಿನಿ ಮಹಿಷಿ ವರದಿಯ ದೂಳನ್ನು ಇಲ್ಲಾದರೂ ಕೊಡವಲಿ. ಕಾವಲು, ಕಸಪೊರಕೆ ಮಾತ್ರವಲ್ಲ. ಮ್ಯಾನೇಜರು, ಎಂಜಿನಿಯರು, ಕೋಚು ಕೂಡ.

3. ಮಕ್ಕಳು. ಪಂದ್ಯವಿಲ್ಲದ ದಿನ ಆನೇಕಲ್ ತಾಲ್ಲೂಕಿನ ಸರಕಾರಿ ಶಾಲೆಯ ಮಕ್ಕಳಿಗೆ ಅಂಗಳ, ಈಜುಕೊಳ ಪುಕ್ಕಟೆ. ತರಬೇತಿ ಕನ್ನಡದಲ್ಲಿ.

4. ಟಿಕೆಟ್ಟು. ಪ್ರತಿ ಪಂದ್ಯದಲ್ಲೂ ಕಾರ್ಮಿಕನ ಕೈಗೆಟುಕುವ ಒಂದು ಗ್ಯಾಲರಿ.

5. ಹೆಸರು. ರಾಜಕಾರಣಿಯದೂ ಬೇಡ, ಕಂಪೆನಿಯದೂ ಬೇಡ. ಈ ನೆಲಕ್ಕೆ ಆಡಿದವರದು, ಇಲ್ಲವೇ ಈ ನೆಲದ ಊರಿನದು.

ಇಷ್ಟು ಕೇಳಿದರೆ ಸಂಕುಚಿತರು ಎನ್ನುತ್ತಾರೆ. ಅನ್ನಲಿ. ಬಿಹಾರದಿಂದ, ಒಡಿಶಾದಿಂದ, ಹೊಸೂರಿನಿಂದ ಬಂದು ಕಂಬಿ ಕಟ್ಟುವ ಕೂಲಿಯವನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಹೊಟ್ಟೆಗಾಗಿ ಬಂದವನು, ಅವನಿಗೂ ಕನ್ನಡ ಕಲಿಸುವ ಹೊಣೆ ನಮ್ಮದು. ನಮ್ಮ ಸಿಟ್ಟು ಎ.ಸಿ. ಕೋಣೆಯಲ್ಲಿ ಕೂತು ಕರಾರಿಗೆ ಸಹಿ ಹಾಕುವಾಗ ಕನ್ನಡವನ್ನು ಮರೆಯುವವನ ಮೇಲೆ.

ನಿನ್ನ ಮೇಲೂ ಸ್ವಲ್ಪ ಸಿಟ್ಟಿದೆ, ಗೆಳೆಯಾ. ಕಪ್ಪು ನಮ್ದೇ ಎಂದು ಹದಿನೆಂಟು ವರ್ಷ ಕೂಗಿದೆ. ಅಂಗಳ ನಮ್ದೇ ಎಂದು ಒಂದು ದಿನ ಕೇಳಿದೆಯಾ? ಈ ಭಾನುವಾರ ನಿನ್ನ ಬೀದಿಯ ಕ್ರಿಕೆಟ್ ತಂಡದ ಹನ್ನೊಂದು ಜನರನ್ನು ಸೇರಿಸು. ಈ ಐದು ಕರಾರನ್ನು ಕನ್ನಡದಲ್ಲಿ ಬರೆ, ಹನ್ನೊಂದು ಸಹಿ ಹಾಕು. ಒಂದು ಪ್ರತಿ ನಿನ್ನ ಶಾಸಕನಿಗೆ, ಒಂದು ಗೃಹ ಮಂಡಳಿಗೆ. ಗುತ್ತಿಗೆಯ ಕಾಗದ ತೋರಿಸಿ ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕು. 30 ದಿನದೊಳಗೆ ಉತ್ತರ ಕೊಡಲೇಬೇಕು.

ಹನ್ನೊಂದು ಜನ ಗೇಟಿನ ಹೊರಗೆ ಸತ್ತರು. ಇನ್ನು ಮೇಲೆ ಗೇಟಿನ ಹೊರಗೆ ನಿಲ್ಲುವುದು ಸಾಕು. ಒಳಗೆ ಬಾ, ನಿನ್ನ ಮಾತಿನ ಜೊತೆಗೆ ಬಾ.