ರಸಮಂಜರಿಯ ಪೋಸ್ಟರು ಯಾಕೆ ತೆಗೆಯಬೇಕು?

ನಮ್ಮ ಕಡೆಯ ಗಾಯಕಿಯೊಬ್ಬರ ಮಾಸಾಶನದ ಅರ್ಜಿಗೆ ಕಾಗದ ಜೋಡಿಸಿಕೊಡುತ್ತಿದ್ದೆ. ರೋಣ, ನರಗುಂದ, ಗಜೇಂದ್ರಗಡದ ಜಾತ್ರೆ, ಗಣೇಶೋತ್ಸವಗಳಲ್ಲಿ ಇಪ್ಪತ್ತೈದು ವರ್ಷ ಹಾಡಿದವರು. ಟ್ರಂಕಿನಿಂದ ಎರಡು ಕಟ್ಟು ತೆಗೆದರು: ಒಂದು ಭಜನಾ ಮೇಳದ ಕರಪತ್ರಗಳದ್ದು, ಇನ್ನೊಂದು ರಸಮಂಜರಿ ಪೋಸ್ಟರುಗಳದ್ದು. ಜೊತೆಗಿದ್ದ ಹಿರಿಯ ಸಾಹಿತಿಯೊಬ್ಬರು ಎರಡನೆಯದನ್ನು ಪಕ್ಕಕ್ಕೆ ಸರಿಸಿ, ‘ಇವನ್ನ ಹಚ್ಚಬ್ಯಾಡ್ರಿ, ಕ್ಯಾಬರೆ ಹಾಡಾಕಿ ಅಂತ ತಿಳ್ಕೋತಾರ’ ಅಂದರು. ಆಕೆ ಏನೂ ಅನ್ನದೆ ಚಹಾ ತರಲು ಒಳಗೆ ಹೋದರು. ಅವತ್ತು ನಾನೂ ಸುಮ್ಮನಿದ್ದೆ. ಅದು ತಪ್ಪು.

1881ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ‘ಲ ಶಾ ನ್ವಾರ್’ ಎಂಬ ಕ್ಯಾಬರೆಯಲ್ಲಿ ಕವಿಗಳು ತಮ್ಮ ಪದ್ಯ ಓದುತ್ತಿದ್ದರು, ಎರಿಕ್ ಸಾತಿ ಪಿಯಾನೊ ನುಡಿಸುತ್ತಿದ್ದ. ನಮ್ಮಲ್ಲಿಗೆ ಆ ಪದ ಬಂದದ್ದು ಸಿನಿಮಾದ ಖಳನಾಯಕನ ಅಡ್ಡೆಯಿಂದ. ಈಗ ಜಾತ್ರೆಯಲ್ಲಿ ಮೈಕು ಹಿಡಿದ ಯಾವ ಹೆಣ್ಣಿಗೂ ಅದನ್ನು ಅಂಟಿಸುತ್ತೇವೆ. ಅದೇ ವೇದಿಕೆಯ ಗಂಡಸು ಮಾತ್ರ ‘ಜೂನಿಯರ್ ರಾಜಕುಮಾರ್’!

ನಮ್ಮದು ಶುದ್ಧ ಸಂಗೀತದ ನೆಲವಂತೆ. 1922ರಲ್ಲಿ ಭೀಮಸೇನ ಜೋಶಿ ರೋಣದಲ್ಲಿ ಹುಟ್ಟಿದರೆಂದು ಎದೆಯುಬ್ಬಿಸುತ್ತೇವೆ. ಆ ಹುಡುಗ ಬೀದಿಯ ಮೆರವಣಿಗೆಯ ಹಾಡಿನ ಬೆನ್ನುಹತ್ತಿ ಎಲ್ಲೆಲ್ಲೋ ಮಲಗಿಬಿಡುತ್ತಿದ್ದನೆಂದು ಅಪ್ಪ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದ್ದರಂತೆ. ಅಬ್ದುಲ್ ಕರೀಂ ಖಾನರ ದನಿ ಅವನ ಕಿವಿಗೆ ಬಿದ್ದದ್ದು ಅಂಗಡಿಯೊಂದರ ಗ್ರಾಮಫೋನ್ ತಟ್ಟೆಯಿಂದ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪುಟ್ಟರಾಜ ಗವಾಯಿಗಳು ನಾಟಕ ಬರೆದು, ಕಂಪನಿ ಕಟ್ಟಿ, ಅದರ ಹಣದಿಂದ ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟರು. ಟಿಕೇಟು ಕೊಂಡವರೆಲ್ಲ ಶಿವಾನುಭವಕ್ಕಾಗಿಯೇ ಬಂದಿದ್ದರೇ?

ಶ್ರಾವಣದ ಭಜನೆಯಲ್ಲಿ ಆಕೆಯನ್ನು ಕೇಳಿದ್ದೇನೆ. ಮೊದಲ ಸಾಲು ಎತ್ತಿಕೊಡುತ್ತಾರೆ, ಹತ್ತು-ಹನ್ನೆರಡು ಹೆಣ್ಣುಮಕ್ಕಳು ಹಿಂದೆ ಹೇಳುತ್ತಾರೆ. ಒಬ್ಬ ಮುದುಕಿ ಸದಾ ಅರ್ಧ ತಾಳ ಹಿಂದೆ. ಆಕೆ ತಿರುಗಿ ನೋಡುವುದಿಲ್ಲ. ಸಾಲಿನ ಕೊನೆಯ ಸ್ವರವನ್ನು ಚೂರು ಎಳೆಯುತ್ತಾರೆ, ಮುದುಕಿ ಬಂದು ಕೂಡಿಕೊಳ್ಳುತ್ತಾಳೆ. ಗಜೇಂದ್ರಗಡದಲ್ಲಿ ನಡುರಾತ್ರಿ ರಸಮಂಜರಿಯಲ್ಲೂ ಕೇಳಿದ್ದೇನೆ. ಹುಡುಗರು ಸಿಳ್ಳೆ ಹೊಡೆಯುತ್ತಿದ್ದರು. ಕೀಬೋರ್ಡಿನವನು ಗಂಡುದನಿಯ ಶ್ರುತಿಯಲ್ಲೇ ಶುರುಮಾಡಿಬಿಟ್ಟ. ಕಣ್ಣಲ್ಲೇ ಅವನನ್ನು ಗದರಿಸಿ, ಆ ಶ್ರುತಿಯಲ್ಲೇ ಸಿನಿಮಾ ಹಾಡು ಮುಗಿಸಿದರು. ಆಮೇಲೆ ಯಾರೋ ಚೀಟಿ ಕಳಿಸಿದರು: ಶರೀಫಜ್ಜನ ಪದ ಬೇಕು. ಅದನ್ನೂ ಹಾಡಿದರು. ಸಿಳ್ಳೆ ನಿಂತಿತು. ಗಂಟಲು ಅದೇ, ಸೀರೆಯೂ ಅದೇ.

ಭಜನೆಗೆ ಅವರಿಗೆ ಸಿಗುವುದು ಕಾಯಿ, ಬಾಳೆಹಣ್ಣು, ಒಂದು ಕುಪ್ಪಸದ ಕಣ. ಮೇಳದ ಹಾರ್ಮೋನಿಯಂ ರಿಪೇರಿಯಾದದ್ದು ರಸಮಂಜರಿಯ ದುಡ್ಡಿನಲ್ಲಿ. ಕರಪತ್ರಗಳನ್ನಷ್ಟೇ ಹಚ್ಚಿದರೆ ಇಪ್ಪತ್ತೈದು ವರ್ಷದ ದುಡಿಮೆ ನಾಲ್ಕೈದು ಶ್ರಾವಣಗಳಿಗೆ ಇಳಿಯುತ್ತದೆ.

ರಸಮಂಜರಿಯಲ್ಲಿ ಹೊಲಸಿಲ್ಲವೇ? ಇದೆ. ಕುಡಿದು ವೇದಿಕೆ ಹತ್ತಿ ನೋಟು ಎಸೆಯುವವರಿದ್ದಾರೆ, ಕುಣಿಯುವ ಹುಡುಗಿಯರನ್ನು ಇನ್ನಷ್ಟು ಕುಣಿಸಿರೆನ್ನುವ ಕಮಿಟಿಗಳಿವೆ. ಆ ನಾಚಿಕೆ ಎಸೆದವರದು, ಕುಣಿಸಿದವರದು. ಮರುದಿನ ಅವರೇ ಶಾಲು ಹೊದ್ದು ಸಂಸ್ಕೃತಿಯ ಭಾಷಣ ಮಾಡುತ್ತಾರೆ. ಅವರ ಯಾವ ಫೋಟೋವನ್ನೂ ಯಾರೂ ಪಕ್ಕಕ್ಕೆ ಸರಿಸುವುದಿಲ್ಲ.

ಎರಡೂ ಕಟ್ಟು ಈಗ ನನ್ನ ಮೇಜಿನ ಮೇಲಿವೆ. ಪೋಸ್ಟರುಗಳಲ್ಲಿ ದೇಣಿಗೆದಾರರ ಫೋಟೋ ದೊಡ್ಡವು, ಸೌಂಡ್ ಸಿಸ್ಟಮ್‌ನವನ ಹೆಸರು ದಪ್ಪಕ್ಷರದಲ್ಲಿದೆ, ಆಕೆಯದು ತೀರ ಕೆಳಗೆ. ಅದಕ್ಕೆ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದು ಅರ್ಜಿಗೆ ಹಚ್ಚುತ್ತಿದ್ದೇನೆ. ಶಿಫಾರಸಿನ ಪತ್ರಕ್ಕೆ ಆ ಹಿರಿಯರ ಸಹಿ ಬೇಕು. ನಾಳೆ ಪೋಸ್ಟರುಗಳನ್ನು ಮೇಲಿಟ್ಟುಕೊಂಡೇ ಅವರ ಮನೆಗೆ ಹೋಗುತ್ತೇನೆ.